ಯಶವಂತಪುರದ ಕೊಂಡಿ

ಬೆಂಗಳೂರಿನ ಉತ್ತರ ದಿಕ್ಕಿನ ಊರುಗಳಲ್ಲಿ ಒಂದೊಂದಕ್ಕೂ ಒಂದೊಂದು ಹೆಮ್ಮೆಯುಂಟು. ಯಲಹಂಕಕ್ಕೆ ನಾಡಪ್ರಭುಗಳ ಮನೆತನದ ಹಿರಿಮೆ, ಹೆಬ್ಬಾಳಕ್ಕೆ ಕೆರೆಯ ಸೊಬಗು, ನೆರೆಯ ಮಲ್ಲೇಶ್ವರಕ್ಕೆ ದೇವಾಲಯಗಳ ಪುಣ್ಯ. ಯಶವಂತಪುರಕ್ಕೆ ಇಂತಹ ಒಡವೆಗಳು ಕಡಮೆ. ಹೆಸರಿನಲ್ಲಿ ಮಾತ್ರ ಯಶಸ್ಸನ್ನು ಹೊತ್ತುಕೊಂಡಿದೆ. ಅದೂ ಸಂಸ್ಕೃತದ ಕಟ್ಟುನಿಟ್ಟಿಗೆ 'ಯಶಸ್ವಂತ'ವೆಂದಾಗಬೇಕಾದ ಶಬ್ದ, ಜನರ ನಾಲಗೆಯಲ್ಲಿ ಸಕಾರವನ್ನು ಕಳೆದುಕೊಂಡು ಹಗುರವಾಗಿ ನಿಂತಿದೆ. ದಾರಿಹೋಕರು ಇಲ್ಲಿ ಇಳಿಯುತ್ತಾರೆ, ಹತ್ತುತ್ತಾರೆ, ಹೊರಟುಹೋಗುತ್ತಾರೆ. ಊರನ್ನು ನೋಡಲೆಂದೇ ಬರುವವರು ವಿರಳ. ನಾವು ಮಾತ್ರ ಈಚೆಗೆ ಮೂರು ತಿಂಗಳ ಕಾಲ ಈ ಊರಿಗೆ ಹತ್ತಾರು ಸಲ ಹೋಗಿಬಂದೆವು. ಹೋದ ಕಾರಣವು ಒಂದು ಕಬ್ಬಿಣದ ಕೊಂಡಿ. ಕಂಡುಕೊಂಡದ್ದು ಅದಕ್ಕಿಂತ ಬಹಳ ಹೆಚ್ಚು. ಆದುದರಿಂದ ಅದನ್ನು ವಾಚಕರ ಮುಂದಿಡಲು ಮನಸ್ಸಾಯಿತು.

ಯಶವಂತಪುರದ ಕಸುಬು ಒಂದೇ ಮಾತಿನಲ್ಲಿ ಹೇಳುವುದಾದರೆ ಕೂಡಿಸುವುದು. ರೈಲು ನಿಲ್ದಾಣವನ್ನೇ ನೋಡಿರಿ. ೧೮೬೪ರಲ್ಲಿ ಜೋಲಾರ್‌ಪೇಟೆಯಿಂದ ದಂಡಿನ ನಿಲ್ದಾಣಕ್ಕೆ ಅಗಲ ಹಳಿಯ ಮೇಲೆ ಹೊಗೆಬಂಡಿ ಬಂದಿತು. ೧೮೮೪ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಮೀಟರ್ ಹಳಿಯ ದಾರಿ ತೆರೆಯಿತು. ತರುವಾಯ ಯಶವಂತಪುರದಿಂದ ಹಿಂದೂಪುರದ ಕಡೆಗೆ ಮತ್ತೊಂದು ಕವಲು ಒಡೆಯಿತು. ಹೀಗೆ ಈ ಊರು ದಾರಿಗಳು ಕೂಡುವ ಸ್ಥಳವಾಯಿತು. ೧೯೯೦ರ ದಶಕದಲ್ಲಿ ಮೀಟರ್ ಹಳಿಗಳೆಲ್ಲ ಅಗಲ ಹಳಿಗಳಾದುವು. ಈಗ ಮಲ್ಲೇಶ್ವರ, ತುಮಕೂರು, ಯಲಹಂಕ, ಹೆಬ್ಬಾಳ, ಈ ನಾಲ್ಕೂ ಕಡೆಗೆ ಇಲ್ಲಿಂದ ಬಂಡಿಗಳು ಹೊರಡುತ್ತವೆ. ೨೦೧೪ನೆಯ ಇಸವಿ ಮಾರ್ಚ್ ೧ರಿಂದ ತಲೆಯ ಮೇಲೆ ಮೆಟ್ರೋ ಬಂಡಿಯೂ ಓಡಾಡುತ್ತಿದೆ. ಪಕ್ಕದಲ್ಲಿ ತುಮಕೂರು ಹೆದ್ದಾರಿ. ಅನತಿದೂರದಲ್ಲಿ ಗೊರಗುಂಟೆಪಾಳ್ಯದ ಬಳಿ ಅದನ್ನು ಹೊರವರ್ತುಲ ರಸ್ತೆ ಸಂಧಿಸುತ್ತದೆ. ಧಾನ್ಯದ ಮೂಟೆಗಳು ಬಂದಿಳಿಯುವ ಮಾರುಕಟ್ಟೆಯ ಪ್ರಾಂಗಣ, ದೇವರಾಜ ಅರಸರ ಹೆಸರಿನ ಲಾರಿ ನಿಲ್ದಾಣ, ಗಾಳಿ ಬೀಸಿದಾಗ ಶ್ರೀಗಂಧದ ಕಂಪನ್ನು ಕಳುಹುವ ಸಾಬೂನಿನ ಕಾರ್ಖಾನೆ, ಇವುಗಳ ನಡುವೆ ಸಂದುಗೊಂದುಗಳಲ್ಲಿ ಲೇತು, ಬೆಸುಗೆ, ಪಟ್ಟಿಕೆಲಸಗಳ ಅಂಗಡಿಗಳು. ಒಂದಕ್ಕೊಂದನ್ನು ಸೇರಿಸಬೇಕಾದವರು ಬರಬೇಕಾದ ಊರು ಇದೇ ಸರಿ.

ಇನ್ನು ನಮ್ಮ ಕೆಲಸದ ವಿಚಾರ. ನಮ್ಮ ಅಕ್ಕನಿಗೆ ಎಪ್ಪತ್ತನಾಲ್ಕು ವರ್ಷ. ನಾವು ಕೂಸಾಗಿದ್ದಾಗ ನಮ್ಮನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಈಗ ಅವಳ ಎರಡು ಮೊಣಕಾಲುಗಳೂ ಅವಳ ಮಾತನ್ನು ಕೇಳುವುದಿಲ್ಲ. ಮನೆಯಲ್ಲಿಯೂ ಬೀದಿಯಲ್ಲಿಯೂ ವಿದ್ಯುತ್ತಿನಿಂದ ನಡೆಯುವ ಮೂರು ಗಾಲಿಯ ಪುಟ್ಟ ಗಾಡಿಯೊಂದರಲ್ಲಿ ಕುಳಿತು, ತಾನೇ ಅದನ್ನು ನಡೆಸಿಕೊಂಡು ಓಡಾಡುತ್ತಾಳೆ. ಅವಳ ಮಗ, ನಮ್ಮ ಸೋದರಳಿಯ, ಎರಡು ವರ್ಷದ ಹಿಂದೆ ಒಂದು ವ್ಯಾನನ್ನು ಕೊಂಡನು. ಅದರೊಳಗೆ ಮಲಗಲು ಮಂಚ, ಅಡಿಗೆಯ ಒಲೆ, ನೀರಿನ ತೊಟ್ಟಿ ಎಲ್ಲವೂ ಅಡಕವಾಗಿವೆ. ಗಾಲಿಯ ಮೇಲಿನ ಮನೆಯೆಂದರೆ ಒಪ್ಪುತ್ತದೆ. ಅಕ್ಕನಿಗೆ ಶೃಂಗೇರಿಗೆ ಹೋಗಬೇಕು. ತುಂಗೆಯ ದಡದಲ್ಲಿ ನಾಲ್ಕು ದಿನ ಇರಬೇಕು. ಆದರೆ ಅವಳ ನಿಬಂಧನೆ ಒಂದುಂಟು. "ನನ್ನನ್ನು ಯಾರೂ ಎತ್ತಿ ಇಳಿಸಿ ಮೂಟೆಯ ಹಾಗೆ ಒಯ್ಯಬಾರದು. ನನ್ನ ಗಾಡಿಯಲ್ಲಿ ನಾನೇ ಹೋಗಿ ಶಾರದೆಯ ಮುಂದೆ ನಿಲ್ಲಬೇಕು. ಆಗದಿದ್ದರೆ ಇಲ್ಲಿಂದಲೇ ಕೈಮುಗಿಯುತ್ತೇನೆ," ಎಂದಳು.

ಮೂರು ಗಾಲಿಯ ಗಾಡಿಯನ್ನು ವ್ಯಾನಿನೊಳಗೆ ನಿಲ್ಲಿಸಿದರೆ ಮನುಷ್ಯರು ಮಲಗಲು ಸ್ಥಳವಿಲ್ಲ. ಆದುದರಿಂದ ವ್ಯಾನಿನ ಹಿಂದೆ ಎರಡು ಗಾಲಿಯ ಚಿಕ್ಕ ಟ್ರೇಲರನ್ನು ಕಟ್ಟಿ, ಅದರಲ್ಲಿ ಗಾಡಿಯನ್ನು ಒಯ್ಯುವುದೆಂದು ಅಳಿಯ ನಿಶ್ಚಯಿಸಿದನು. ಟ್ರೇಲರನ್ನು ಕಟ್ಟಬೇಕಾದರೆ ವ್ಯಾನಿನ ಹಿಂಭಾಗಕ್ಕೆ ಒಂದು ಗಟ್ಟಿಯಾದ ಅಡ್ಡಪಟ್ಟಿ, ಅದರಿಂದ ಹೊರಚಾಚಿದ ಒಂದು ಗುಂಡು ಬೇಕು. ಇದಕ್ಕೆ ಟೋ ಬಾರ್ ಎಂದು ಹೆಸರು. ಇದನ್ನು ಆರಿಸಿ ಹಾಕಿಸಲು ನಾವಿಬ್ಬರೂ ಯಶವಂತಪುರಕ್ಕೆ ಹೋದುದು.

ಗಾಲಿಯ ಮೇಲಿನ ಮನೆ ಹೊಸದೇನೂ ಅಲ್ಲ. ಇಂಗ್ಲೆಂಡಿನಲ್ಲಿ ೧೮೮೫ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾವೈದ್ಯನು 'ವಾಂಡರರ್' ಎಂಬ ಬಂಡಿಯನ್ನು ವಿಹಾರಕ್ಕೆಂದೇ ಮಾಡಿಸಿ, ಎರಡು ಕುದುರೆಗಳನ್ನು ಹೂಡಿ ದೇಶ ಸುತ್ತಿದನು. ಜರ್ಮನಿಯಲ್ಲಿ ೧೯೫೧ರಿಂದ ಮೋಟಾರು ವ್ಯಾನುಗಳಲ್ಲಿಯೇ ಮಂಚ ಮೇಜುಗಳನ್ನು ಜೋಡಿಸಿ ಮಾರತೊಡಗಿದರು. ನಮ್ಮ ನೆರೆಯ ಕೇರಳ ಸರ್ಕಾರವು ೨೦೨೧ರಲ್ಲಿ ಇಂತಹ ವಾಹನಗಳ ಪ್ರವಾಸಕ್ಕೆ ಒಂದು ಯೋಜನೆಯನ್ನೇ ಪ್ರಕಟಿಸಿತು. ನಮ್ಮ ನಾಡಿನ ಜಾತ್ರೆಗಳಿಗೆ ಕಮಾನು ಕಟ್ಟಿದ ಗಾಡಿಯಲ್ಲಿ ಅಕ್ಕಿ ಬೇಳೆ ಹಾಸಿಗೆಗಳೊಡನೆ ಹೊರಟು, ಮರದ ನೆರಳಿನಲ್ಲಿ ಒಲೆ ಹೂಡುತ್ತಿದ್ದ ಹಿರಿಯರು ಈ ವಿದ್ಯೆಯನ್ನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ.

ಮೊದಲನೆಯ ದಿನ ನಿಲ್ದಾಣದ ಮೇಲುಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತೆವು. ಕೆಳಗೆ ಎಂಜಿನನ್ನು ಡಬ್ಬಿಗಳಿಗೆ ಕೂಡಿಸುತ್ತಿದ್ದರು. ಹಿಂದಣ ಮೀಟರ್ ಹಳಿಯ ಡಬ್ಬಿಗಳಿಗೆ ನಡುವೆ ಒಂದೇ ತಾಳುಗಂಬ, ಅದಕ್ಕೊಂದು ಕೊಕ್ಕೆ. ಅಗಲ ಹಳಿಯ ಹಳೆಯ ಡಬ್ಬಿಗಳಿಗೆ ಎರಡು ಬದಿಯಲ್ಲಿ ತಾಳುಗಂಬಗಳು, ನಡುವೆ ತಿರುಪಿನಿಂದ ಬಿಗಿಯುವ ಕೊಂಡಿ. ಅದನ್ನು ಸಿಕ್ಕಿಸಲು ಒಬ್ಬ ಆಳು ಎರಡು ಡಬ್ಬಿಗಳ ನಡುವೆ ಜೀವವನ್ನು ಕೈಯಲ್ಲಿ ಹಿಡಿದು ಇಳಿಯಬೇಕಾಗಿತ್ತು. ಈಗಿನ ಹೊಸ ಡಬ್ಬಿಗಳಿಗೂ ಸರಕಿನ ವ್ಯಾಗನುಗಳಿಗೂ ಇರುವುದು ಬಿಗಿದ ಮುಷ್ಟಿಯಂತಹ ಕೊಂಡಿ. ಎರಡು ಮುಷ್ಟಿಗಳು ಎದುರುಬದುರಾಗಿ ತಾಗಿದೊಡನೆ ತಾವೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಲಾರಿ ನಿಲ್ದಾಣದಲ್ಲಿ ಮತ್ತೊಂದು ಬಗೆ: ಉದ್ದನೆಯ ಟ್ರೇಲರಿನ ಕೆಳಗಣ ಗೂಟವು ಎಳೆಯುವ ಲಾರಿಯ ಬೆನ್ನಿನ ಮೇಲಿನ ದುಂಡು ತಟ್ಟೆಯಲ್ಲಿ ಕುಳಿತು ತಿರುಗುತ್ತದೆ. ಹಳ್ಳಿಯ ಟ್ರ್ಯಾಕ್ಟರಿಗೆ ಕಣ್ಣಿನೊಳಗೆ ತೂರಿಸುವ ಒಂದು ಪಿನ್ನು ಸಾಕು. ನಮ್ಮ ವ್ಯಾನಿನಂತಹ ಹಗುರ ವಾಹನಕ್ಕೆ ಹೇಳಿದ್ದು ೫೦ ಮಿಲಿಮೀಟರ್ ಅಡ್ಡಳತೆಯ ಉಕ್ಕಿನ ಗುಂಡು. ಟ್ರೇಲರಿನ ಬಾಯಿ ಆ ಗುಂಡನ್ನು ಕಚ್ಚಿಕೊಂಡು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗಬಲ್ಲುದು.

ಸಂಸ್ಕೃತದಲ್ಲಿ 'ಯುಜ್' ಎಂಬ ಧಾತುವಿಗೆ ಕೂಡಿಸುವುದೆಂದು ಅರ್ಥ. ಯೋಗ, ಯುಗ್ಮ, ಯುಕ್ತಿ, ಸಂಯೋಗ ಎಲ್ಲವೂ ಅದರ ಮಕ್ಕಳೇ. ನೊಗಕ್ಕೆ ಸಂಸ್ಕೃತದಲ್ಲಿ 'ಯುಗ'ವೆಂದೇ ಹೆಸರು. ಆದರೆ ಅದೇ ಮನೆಯಲ್ಲಿ 'ವಿಯೋಗ'ವೂ ಹುಟ್ಟಿದೆ. ಒಳ್ಳೆಯ ಕೊಂಡಿಯ ಲಕ್ಷಣವೂ ಅದೇ: ಬೇಡವಾದಾಗ ಸುಲಭವಾಗಿ ಬಿಡಬೇಕು, ಬೇಕಾದಾಗ ಯಾವ ಕಾರಣಕ್ಕೂ ಬಿಡಬಾರದು.

ನಾವು ಹೊಕ್ಕ ಮೊದಲನೆಯ ಅಂಗಡಿಯವನು ವ್ಯಾನನ್ನು ದೂರದಿಂದಲೇ ನೋಡಿ, "ಎರಡು ಗಂಟೆಯ ಕೆಲಸ ಸಾರ್. ಬಂಪರಿಗೆ ಒಂದು ಆ್ಯಂಗಲ್ ಬೆಸೆದುಬಿಡುತ್ತೇನೆ," ಎಂದನು. ಅಳಿಯನಿಗೆ ಮಾತು ಹಿಡಿಸಿತು. ಹುಣ್ಣಿಮೆಗೆ ಶೃಂಗೇರಿಯಲ್ಲಿರಬೇಕೆಂಬುದು ಅವನ ಆತುರ. ನಾವು ಇನ್ನೊಂದು ಕಡೆ ಕೇಳೋಣವೆಂದು ಅವನನ್ನು ಹೊರಡಿಸಿಕೊಂಡು ಬಂದೆವು. ಎರಡನೆಯ ಅಂಗಡಿಯಲ್ಲಿ ಸಿದ್ಧವಾದ ಪಟ್ಟಿಗಳು ಗೋಡೆಗೆ ತೂಗುತ್ತಿದ್ದುವು, ಬಣ್ಣ ಚೆನ್ನಾಗಿತ್ತು. ಎಷ್ಟು ಭಾರವನ್ನು ಎಳೆಯಬಹುದೆಂದು ಅವುಗಳ ಮೇಲೆ ಎಲ್ಲಿಯೂ ಬರೆದಿರಲಿಲ್ಲ. ಕೇಳಿದರೆ, "ಆನೆಯನ್ನೂ ಎಳೆಯುತ್ತದೆ," ಎಂಬ ಉತ್ತರ ಬಂದಿತು.

ಮೂರನೆಯವರು ಒಬ್ಬ ವೃದ್ಧ ಮೇಸ್ತ್ರಿಗಳು. ಅವರು ಏನನ್ನೂ ಹೇಳದೆ ಒಂದು ಗೋಣಿತಟ್ಟನ್ನು ಹಾಸಿ ವ್ಯಾನಿನ ಕೆಳಗೆ ನುಸುಳಿದರು. ಹತ್ತು ನಿಮಿಷದ ಮೇಲೆ ಹೊರಬಂದು, ಕೈ ಒರೆಸಿಕೊಳ್ಳುತ್ತ ಕೇಳಿದ ಮೊದಲ ಪ್ರಶ್ನೆ, "ಎಳೆಯುವುದು ಏನನ್ನು ಮೇಷ್ಟ್ರೇ?" ಎಂದು. ನಾವು ಮೇಷ್ಟರೆಂದು ಅವರಿಗೆ ಹೇಗೆ ತಿಳಿಯಿತೋ! ನಾವು ಅಕ್ಕನ ವಿಚಾರವನ್ನು ಹೇಳಿದೆವು. "ಹಾಗಾದರೆ ಬೆಸುಗೆ ಬೇಡ. ಬಂಪರು ಮುಖಕ್ಕೆ ಹಚ್ಚಿದ ಬಣ್ಣ. ಭಾರ ಹೊರುವುದು ಛಾಸಿ. ಛಾಸಿಯ ಉಕ್ಕಿಗೆ ಬೆಂಕಿ ತಗುಲಿದರೆ ಅದರ ಪೊಗರು ಇಳಿಯುತ್ತದೆ. ವರ್ಷವಾದ ಮೇಲೆ ಬೆಸುಗೆಯ ಪಕ್ಕದಲ್ಲೇ ಬಿರಿಯುತ್ತದೆ. ಕಂಪನಿಯವರು ಬಿಟ್ಟ ತೂತುಗಳಿಗೇ ಬೋಲ್ಟು ಹಾಕಬೇಕು. ಈ ವ್ಯಾನು ಎಷ್ಟು ಎಳೆಯಬಹುದೆಂದು ಕಂಪನಿಯಿಂದ ಕಾಗದ ತನ್ನಿ. ಕಾಗದವಿಲ್ಲದೆ ನಾನು ಸ್ಪ್ಯಾನರು ಮುಟ್ಟುವುದಿಲ್ಲ," ಎಂದರು.

ಅಳಿಯ ಮುಖವನ್ನು ಗಂಟುಹಾಕಿಕೊಂಡನು. "ಮಾವ, ಇವರು ಹೇಳಿದಂತೆ ಮಾಡಿದರೆ ಹುಣ್ಣಿಮೆ ಹೋಯಿತು. ಅಮ್ಮನಿಗೆ ಈಗ ಆದಷ್ಟು ಶಕ್ತಿ ಮುಂದಿನ ವರ್ಷ ಇರುತ್ತದೆಯೆ?" ಎಂದನು. ಇದು ತಳ್ಳಿಹಾಕುವ ಮಾತಾಗಿರಲಿಲ್ಲ. ಎಪ್ಪತ್ತನಾಲ್ಕರ ಜೀವಕ್ಕೆ ಒಂದು ತಿಂಗಳೆಂದರೆ ಸಣ್ಣ ಬಾಬಲ್ಲ. ಆದರೆ ತುಮಕೂರು ಹೆದ್ದಾರಿಯಲ್ಲಿ ಟ್ರೇಲರು ಕಳಚಿಕೊಂಡರೆ ಅದು ಹೋಗಿ ಬೀಳುವುದು ಹಿಂದೆ ಬರುವ ಮತ್ತಾರದೋ ಮನೆಯ ಮಕ್ಕಳ ಮೇಲೆ. ಮನೆಗೆ ಬಂದು ಅಕ್ಕನಿಗೆ ಎರಡು ಪಕ್ಷವನ್ನೂ ಹೇಳಿದೆವು. ಅವಳು, "ಶಾರದೆ ಎಲ್ಲಿಗೂ ಹೋಗುವುದಿಲ್ಲ. ಕಾಗದ ತರಿಸಿ," ಎಂದಷ್ಟೇ ಹೇಳಿ ಹೂ ಕಟ್ಟಲು ಕುಳಿತಳು.

ಕಾಗದಕ್ಕೆ ಬರೆದು ಕಾಯುತ್ತಿದ್ದ ದಿನಗಳಲ್ಲಿ ಕಾಯಿದೆಯನ್ನು ತಿಳಿದುಕೊಂಡೆವು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮಿನಂತೆ, ತಯಾರಕರು ಗೊತ್ತುಮಾಡಿ ನೋಂದಣಿಪತ್ರದಲ್ಲಿ ಬರೆದಿರುವ ವಿವರಗಳಿಗೆ ಭೇದ ಬರುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ೨೦೧೭ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಮಂತ್ರಾಲಯವು ವಾಹನಗಳ ಮೂತಿಗೆ ಕಟ್ಟುವ ಉಕ್ಕಿನ ಕಾಪುಪಟ್ಟಿಗಳನ್ನು ಇದೇ ಕಲಮಿನ ಆಧಾರದಿಂದ ತಡೆಯಲು ರಾಜ್ಯಗಳಿಗೆ ಬರೆದಿತ್ತು. ಇನ್ನೊಂದು ಸಂಗತಿ ಅನೇಕರಿಗೆ ತಿಳಿಯದು: ಕಾಯಿದೆಯ ದೃಷ್ಟಿಯಲ್ಲಿ ಟ್ರೇಲರೂ ಒಂದು ಮೋಟಾರು ವಾಹನವೇ. ಎಂಜಿನಿಲ್ಲದಿದ್ದರೂ ಅದಕ್ಕೆ ಬೇರೆ ನೋಂದಣಿ, ಬೇರೆ ಸಂಖ್ಯೆ ಬೇಕು, ವಿಮೆಯವರಿಗೂ ತಿಳಿಸಿರಬೇಕು. ಆದುದರಿಂದ ಕೊಂಡಿಯನ್ನು ಹಾಕಿಸುವ ಮೊದಲೇ ಬರೆಹದಲ್ಲಿ ಒಪ್ಪಿಗೆ ಪಡೆಯತಕ್ಕದ್ದು. ಬೆಂಗಳೂರು ಉತ್ತರ ಭಾಗದ ವಾಹನಗಳಿಗೆ ಕೆ.ಎ. ೦೪ ಎಂಬ ಅಂಕಿತವನ್ನು ಕೊಡುವ ಸಾರಿಗೆ ಕಚೇರಿಯೂ ಯಶವಂತಪುರದ್ದೇ ಆದದ್ದು ನಮಗೆ ಅನುಕೂಲವಾಯಿತು.

ಕಾಗದ ಬರಲು ಏಳು ವಾರವಾಯಿತು. ಹುಣ್ಣಿಮೆ ಒಂದಲ್ಲ, ಎರಡು ಕಳೆದುಹೋದುವು. ವ್ಯಾನು ಹಿಂದೆ ಎಳೆಯಬಹುದಾದ ಭಾರ ೫೦೦ ಕಿಲೋ ಎಂದೂ, ಗುಂಡಿನ ಮೇಲೆ ಒತ್ತಬಹುದಾದ ಭಾರ ೫೦ ಕಿಲೋ ಎಂದೂ, ಪಟ್ಟಿಯನ್ನು ಯಾವ ತೂತುಗಳಿಗೆ ಬಿಗಿಯಬೇಕೆಂದೂ ಅದರಲ್ಲಿ ನಕ್ಷೆಯೊಡನೆ ಬರೆದಿತ್ತು. ಮೇಸ್ತ್ರಿಗಳು ಕಾಗದವನ್ನು ಎರಡು ಸಲ ಓದಿಸಿ ಕೇಳಿದರು. ಅನಂತರ, "ಈಗ ತೂಕ ಹಾಕಿಸೋಣ," ಎಂದರು.

ಮಾರುಕಟ್ಟೆಯ ಬಳಿ ಲಾರಿಗಳನ್ನು ತೂಗುವ ವೇಬ್ರಿಡ್ಜ್ ಒಂದುಂಟು. ಪ್ರಯಾಣಕ್ಕೆ ಹೊರಡುವಾಗ ಇರುವಂತೆಯೇ ಪಾತ್ರೆ ಪರಡಿ, ಹಾಸಿಗೆ, ತುಂಬಿದ ನೀರಿನ ತೊಟ್ಟಿ, ಕುಳಿತ ಜನ, ಇಷ್ಟರೊಡನೆ ವ್ಯಾನನ್ನು ಅದರ ಮೇಲೆ ನಿಲ್ಲಿಸಿದೆವು. ನೋಂದಣಿಪತ್ರದಲ್ಲಿ ಬರೆದಿರುವ ಗರಿಷ್ಠ ಭಾರ ೪,೦೦೦ ಕಿಲೋ. ತೂಕದ ಚೀಟಿಯಲ್ಲಿ ಬಂದದ್ದು ೩,೯೭೦. ಉಳಿದದ್ದು ಮೂವತ್ತೇ ಕಿಲೋ! ಟೋ ಬಾರಿನ ಸ್ವಂತ ತೂಕ ೨೫. ಟ್ರೇಲರಿನ ಮೂತಿ ಗುಂಡಿನ ಮೇಲೆ ಒತ್ತುವ ಭಾರ ೩೨. ಈ ಒತ್ತುವ ಭಾರವೂ ವ್ಯಾನಿನ ಲೆಕ್ಕಕ್ಕೇ ಸೇರುತ್ತದೆ. ಒಟ್ಟು ೪,೦೨೭, ಮಿತಿಯನ್ನು ಇಪ್ಪತ್ತೇಳು ಕಿಲೋ ಮೀರಿತು. ನೂರು ಲೀಟರಿನ ತೊಟ್ಟಿಯಲ್ಲಿ ನಲವತ್ತನ್ನು ಮಾತ್ರ ತುಂಬಿ, ಉಳಿದುದನ್ನು ಊರು ಸೇರಿದ ಮೇಲೆ ತುಂಬಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಅರವತ್ತು ಲೀಟರು ನೀರೆಂದರೆ ಅರವತ್ತು ಕಿಲೋ, ೩,೯೬೭ಕ್ಕೆ ಇಳಿಯಿತು. ಲಾರಿಯವರು ದಿನವೂ ಮಾಡುವ ಈ ಲೆಕ್ಕವನ್ನು ವಿಹಾರಕ್ಕೆ ಹೊರಡುವ ಗೃಹಸ್ಥರು ಮಾಡುವುದೇ ಇಲ್ಲ.

ಮೂತಿಯ ಭಾರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎತ್ತಿನ ಗಾಡಿಯನ್ನು ಹೇರಿದವರಿಗೆಲ್ಲ ಮುಂಭಾರ ಹಿಂಭಾರಗಳೆಂದರೆ ಏನೆಂದು ಗೊತ್ತು. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ; ಹಿಂಭಾರ ಹೆಚ್ಚಾದರೆ ನೊಗವೇ ಮೇಲಕ್ಕೆದ್ದು ಎತ್ತಿನ ಕೊರಳಿಗೆ ಉರುಳಾಗುತ್ತದೆ. ಟ್ರೇಲರಿಗೂ ಇದೇ ಧರ್ಮ. ತುಂಬಿದ ಟ್ರೇಲರಿನ ಭಾರದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಗುಂಡಿನ ಮೇಲೆ ಇರಬೇಕು. ಹಿಂಭಾರವಾದ ಟ್ರೇಲರು ವೇಗ ಹೆಚ್ಚಿದೊಡನೆ ಹಾವಿನಂತೆ ಹೊರಳಾಡಿ, ಎಳೆಯುವ ವಾಹನವನ್ನೂ ಹಳ್ಳಕ್ಕೆ ಸೇರಿಸೀತು. ನಮ್ಮ ಟ್ರೇಲರು ೧೬೦ ಕಿಲೋ, ಅಕ್ಕನ ಗಾಡಿ ೧೧೦, ಇತರ ಸಾಮಾನು ೧೩೦, ಒಟ್ಟು ೪೦೦. ಹಾಗಾದರೆ ಮೂತಿಯ ಭಾರ ಇಪ್ಪತ್ತರಿಂದ ನಲವತ್ತರೊಳಗೆ ಇರತಕ್ಕದ್ದು. ಇದನ್ನು ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ: ಮನೆಯಲ್ಲಿ ಮೈತೂಕ ನೋಡುವ ತಕ್ಕಡಿಯ ಮೇಲೆ ಒಂದು ಮರದ ತುಂಡನ್ನು ನಿಲ್ಲಿಸಿ, ಟ್ರೇಲರಿನ ಮೂತಿಯನ್ನು ಗುಂಡಿನ ಎತ್ತರಕ್ಕೆ ಅದರ ಮೇಲೆ ಇಟ್ಟರೆ ಸಾಕು. ಗಾಡಿಯನ್ನು ಒಂದು ಗೇಣು ಮುಂದಕ್ಕೆ ಸರಿಸಿ ನಿಲ್ಲಿಸಿದಾಗ ೩೨ ಬಂದಿತು.

ಆ ಮೂವತ್ತೆರಡೂ ವ್ಯಾನಿನ ಮೇಲೆ ಸಮನಾಗಿ ಹಂಚಿಹೋಗುವುದಿಲ್ಲ. ವ್ಯಾನಿನ ಎರಡು ಅಚ್ಚುಗಳ ನಡುವೆ ಮೂರು ಮೀಟರು. ಗುಂಡು ಹಿಂದಿನ ಅಚ್ಚಿನಿಂದ ಒಂದೂವರೆ ಮೀಟರು ಆಚೆಗೆ. ಮಕ್ಕಳ ಏರುಪೇರು ಹಲಗೆಯಂತೆ ಹಿಂದಿನ ಅಚ್ಚು ಆಧಾರವಾಗಿ, ಹಿಂದೆ ಒತ್ತಿದರೆ ಮುಂದೆ ಏಳುತ್ತದೆ. ಲೆಕ್ಕ ಹಾಕಿದರೆ ಹಿಂದಿನ ಅಚ್ಚಿಗೆ ೪೮ ಕಿಲೋ ಹೆಚ್ಚಾಗಿ, ಮುಂದಿನ ಅಚ್ಚಿಗೆ ೧೬ ಕಿಲೋ ಕಡಮೆಯಾಗುತ್ತದೆ. ವಾಹನವನ್ನು ತಿರುಗಿಸುವ ಗಾಲಿಗಳು ಮುಂದಿನವು. ಅವು ಬಹಳ ಹಗುರವಾದರೆ ಸ್ಟಿಯರಿಂಗಿನ ಮಾತನ್ನು ಕೇಳುವುದಿಲ್ಲ. ಆದುದರಿಂದಲೇ ಹಿಂಗಾಲಿಗಳ ಗಾಳಿಯನ್ನೂ ಪಟ್ಟಾಗಳನ್ನೂ ಹೊರಡುವ ಮೊದಲು ನೋಡಬೇಕೆಂದು ಮೇಸ್ತ್ರಿಗಳು ಒತ್ತಿ ಹೇಳಿದರು.

ಕೊಂಡಿಯಲ್ಲಿ ಎರಡು ಬಗೆಯಿದ್ದುವು: ಗುಂಡು ಸ್ಥಿರವಾಗಿರುವುದು ಒಂದು, ಕಳಚಿ ಒಳಗಿಡುವಂತಹುದು ಇನ್ನೊಂದು. ಸ್ಥಿರವಾದುದಕ್ಕೆ ಬೆಲೆ ಕಡಮೆ. ಆದರೆ ಟ್ರೇಲರಿಲ್ಲದ ದಿನಗಳಲ್ಲಿಯೂ ಅದು ಹೊರಚಾಚಿಕೊಂಡು ನಂಬರು ಫಲಕವನ್ನು ಮರೆಮಾಡುತ್ತದೆ, ದಾರಿಹೋಕರ ಮೊಣಕಾಲಿಗೆ ಬಡಿಯುತ್ತದೆ. ಮೊಣಕಾಲಿನ ನೋವೇನೆಂದು ಬಲ್ಲ ಮನೆಯವರಾದ್ದರಿಂದ ನಾವು ಕಳಚುವಂತಹುದನ್ನೇ ಆರಿಸಿದೆವು.

ಸಾರಿಗೆ ಕಚೇರಿಯವರು ಕಾಗದ, ನಕ್ಷೆಗಳನ್ನು ನೋಡಿ ಒಪ್ಪಿಗೆಯನ್ನು ಬರೆದುಕೊಟ್ಟ ಮೇಲೆ ಒಂದು ಬುಧವಾರ ಕೆಲಸ ಆರಂಭವಾಯಿತು. ಮೇಸ್ತ್ರಿಗಳು ಬೋಲ್ಟುಗಳ ತಲೆಯನ್ನು ಒಂದೊಂದಾಗಿ ನಮಗೆ ತೋರಿಸಿದರು. ತಲೆಯ ಮೇಲೆ ೮.೮ ಎಂದು ಒತ್ತಿರುವುದು ಬಲವುಳ್ಳ ಉಕ್ಕು. ಬೋಳುತಲೆಯ ಬೋಲ್ಟು ಇಂತಹ ಕೆಲಸಕ್ಕೆ ಸಲ್ಲದು. ತೂತಿನ ಸುತ್ತಲ ತುಕ್ಕನ್ನು ಕೆರೆದು, ಬಣ್ಣ ಬಳಿದು, ಅಡ್ಡಪಟ್ಟಿಯನ್ನು ಎರಡು ಜ್ಯಾಕುಗಳ ಮೇಲೆ ಎತ್ತಿ ಹಿಡಿದು, ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ತಿರುಗಿಸಿ ಕೂರಿಸಿದರು. ಅನಂತರ ಎಷ್ಟು ಬಲದಿಂದ ಬಿಗಿಯಿತೆಂದು ತೋರಿಸುವ ಟಾರ್ಕ್ ರೆಂಚಿನಿಂದ, ಒಂದು ಎಡಕ್ಕೆ ಒಂದು ಬಲಕ್ಕೆ ಎಂಬ ಕ್ರಮದಲ್ಲಿ ಬಿಗಿದರು. ಬಿಗಿದ ಪ್ರತಿಯೊಂದಕ್ಕೂ ಬಿಳಿಯ ಬಣ್ಣದ ಗೆರೆ ಎಳೆದರು. ಬೋಲ್ಟು ಒಂದು ಕೂದಲೆಳೆ ಸಡಿಲಿದರೂ ಗೆರೆ ಮುರಿದು ಗುಟ್ಟನ್ನು ಹೇಳುತ್ತದೆ. ಟ್ರೇಲರಿನ ಹಿಂದೀಪ, ತಿರುವು ದೀಪ, ಬ್ರೇಕ್ ದೀಪಗಳಿಗೆ ಏಳು ಪಿನ್ನಿನ ಸಾಕೆಟ್ಟು ಕೂಡಿತು. ಕಡೆಗೆ ಎರಡು ಸರಪಣಿಗಳನ್ನು ಕೊಂಡಿಯ ಕೆಳಗೆ ಕತ್ತರಿಯಾಕಾರವಾಗಿ ಹಾಕಿದರು. ಗುಂಡು ಬಿಟ್ಟುಹೋದರೂ ಟ್ರೇಲರಿನ ಮೂತಿ ನೆಲಕ್ಕೆ ಚುಚ್ಚದಂತೆ ಆ ಕತ್ತರಿ ತೊಟ್ಟಿಲಾಗಿ ಹಿಡಿಯುತ್ತದೆ.

ದಶರಥನ ರಥದ ಕಡಾಣಿ ಬಿದ್ದಾಗ ಕೈಕೇಯಿ ಬೆರಳನ್ನು ಕೊಟ್ಟು ಕಾಪಾಡಿದಳೆಂಬ ಕಥೆ ನಮ್ಮ ಜನರಲ್ಲಿ ಪ್ರಸಿದ್ಧವಾಗಿದೆ. ಅದನ್ನು ಹೇಳಿದಾಗ ಮೇಸ್ತ್ರಿಗಳು ನಕ್ಕರು. "ಆಗ ರಾಣಿಯ ಬೆರಳು ಇತ್ತು ಸ್ವಾಮಿ. ಅದಕ್ಕೆ ಆಮೇಲೆ ಎಷ್ಟು ಬೆಲೆ ತೆರಬೇಕಾಯಿತು ನೋಡಿ! ಎರಡು ಸರಪಣಿಯೇ ಅಗ್ಗ," ಎಂದರು. ಸಂಸ್ಕೃತವನ್ನು ಓದಿದ ನಮಗೆ ಆ ಕಥೆಯಲ್ಲಿ ಈ ಅರ್ಥ ಹೊಳೆದಿರಲಿಲ್ಲ.

ನೆಲಮಂಗಲದವರೆಗೆ ಹೋಗಿಬಂದು ಪರೀಕ್ಷೆ ಮಾಡಿದೆವು. ಹಿಂತಿರುಗಿದೊಡನೆ ಬಿಳಿಯ ಗೆರೆಗಳನ್ನು ನೋಡಿ, ಬೋಲ್ಟುಗಳನ್ನು ಮತ್ತೊಮ್ಮೆ ರೆಂಚಿನಿಂದ ಪರೀಕ್ಷಿಸಿದರು. ಮರುವಾರ ಅಳಿಯನು ತಾಯಿಯನ್ನು ಕರೆದುಕೊಂಡು ತಿಪಟೂರು, ಅರಸೀಕೆರೆ, ಕಡೂರುಗಳ ದಾರಿಯಾಗಿ ಮಲೆನಾಡಿಗೆ ಹೊರಟನು. ಗಂಟೆಗೊಮ್ಮೆ ನಿಲ್ಲಿಸಿ ಕೊಂಡಿಯನ್ನು ಮುಟ್ಟಿ ನೋಡುತ್ತಿದ್ದನಂತೆ. ಆತುರವೆಲ್ಲ ಎಲ್ಲಿ ಹೋಯಿತೋ! ಮೂರನೆಯ ದಿನ ಅಕ್ಕ ದೂರವಾಣಿಯಲ್ಲಿ ಮಾತಾಡಿದಳು. "ತಮ್ಮಾ, ಯಾರೂ ಎತ್ತಲಿಲ್ಲ. ನಾನೇ ಹೋದೆ," ಎಂದಳು. ಏಳು ವಾರ ಕಾದದ್ದರ ಫಲ ಆ ಎರಡು ಮಾತಿನಲ್ಲಿ ನಮಗೆ ದೊರೆಯಿತು.

ವಾಹನವುಳ್ಳ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಕೊಂಡಿಯನ್ನು ಹಾಕಿಸುವ ಮೊದಲು ತಯಾರಕರ ಕಾಗದವನ್ನು ತರಿಸಿರಿ. ತೂಕವನ್ನು ಊಹಿಸಬೇಡಿರಿ, ತೂಗಿಸಿರಿ. ಟ್ರೇಲರಿನ ನೋಂದಣಿ, ವಿಮೆಗಳನ್ನು ಸರಿಪಡಿಸಿರಿ. ಕಾಗದ ಬಾರದಿದ್ದರೆ ಆ ಯೋಚನೆಯನ್ನೇ ಬಿಟ್ಟು ಬೇರೆ ಉಪಾಯವನ್ನು ಹುಡುಕಿರಿ. 'ಎರಡು ಗಂಟೆಯ ಕೆಲಸ' ಎನ್ನುವವರು ಎಲ್ಲ ಊರಿನಲ್ಲಿಯೂ ಇರುತ್ತಾರೆ. ವಾಹನದ ಕೆಳಗೆ ಗೋಣಿತಟ್ಟು ಹಾಸಿ ಮಲಗಿ ನೋಡಿದ ಮೇಲೆಯೇ ಮಾತನಾಡುವವರೂ ಇರುತ್ತಾರೆ. ಅಂತಹವರನ್ನು ಹುಡುಕುವ ತಾಳ್ಮೆ ನಮಗಿರಬೇಕು. ಯಶವಂತಪುರದಲ್ಲಿ ಶಿಲ್ಪದ ಗೋಪುರಗಳು ಕಡಮೆಯಾದರೂ, ಹೀಗೆ ಜನರ ಪ್ರಯಾಣಗಳನ್ನು ಭದ್ರವಾಗಿ ಬಿಗಿದು ಕಳುಹಿಸುವ ಕೈಗಳು ಬಹಳವಾಗಿವೆ. ಆ ಊರಿಗೆ ಅದರ ಹೆಸರು ಅನ್ವರ್ಥವೆಂದು ಈಗ ನಾವು ಸಂತೋಷದಿಂದ ಒಪ್ಪುತ್ತೇವೆ.